ಬೆವರಿಗೆ ಬೀಗ ಹಾಕುವ ಮಾತ್ರೆ



ನಮ್ಮ ಜನರ ಬೆನ್ನ ಮೇಲೆ ಎರಡು ಹೊರೆಗಳಿವೆ. ಒಂದು ಮಂಡಿಯ ಮೂಟೆ. ಅದು ಎಲ್ಲರ ಕಣ್ಣಿಗೂ ಕಾಣುತ್ತೆ. ಇನ್ನೊಂದು ಆ ಮೂಟೆಯ ನೋವನ್ನು ಅಡಗಿಸೋ ಮಾತ್ರೆ. ಅದು ಯಾರ ಕಣ್ಣಿಗೂ ಬೀಳಲ್ಲ. ಈ ಎರಡನೇ ಹೊರೆಯ ಬಗ್ಗೆ ನಾವೀಗ ಬಾಯಿ ಬಿಡಲೇಬೇಕಾಗಿದೆ.

ಮಂಡಿ ಮೊಹಲ್ಲಾದ ಹೆಸರಿನಲ್ಲೇ ಮಂಡಿ ಇದೆ. ಸರಕು ಇದ್ದ ಕಡೆ ಅದನ್ನು ಹೊರುವವನೂ ಇರಬೇಕು. ಹೊರುವವನು ಯಾರು? ನಮ್ಮ ಕೇರಿಯ ಅಪ್ಪ, ಚಿಕ್ಕಪ್ಪ. ಪಕ್ಕದ ಗಲ್ಲಿಯ ಬಡ ಮುಸ್ಲಿಂ ಅಣ್ಣ. ಬೆಳಗಿನಿಂದ ಬಿಸಿಲಲ್ಲಿ ಹೊತ್ತು ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತೆ. ಔಷಧಿ ಅಂಗಡಿ ಮುಂದೆ ನಿಂತು, "ಸೊಂಟ ಹಿಡ್ಕೊಂಡದೆ, ಒಂದು ಮಾತ್ರೆ ಕೊಡಿ ಸಾಮಿ" ಅಂತಾನೆ. ಕತ್ತರಿಯಲ್ಲಿ ಎರಡು ಮಾತ್ರೆ ಕತ್ತರಿಸಿ ಕೈಗಿಡುತ್ತಾರೆ. ಚೀಟಿ ಕೇಳಲ್ಲ. ಹೆಸರು ಹೇಳಲ್ಲ. ಅದು ಬರೀ ನೋವಿನ ಮಾತ್ರೆಯಲ್ಲ. ಎಷ್ಟೋ ಸಲ ಅದರೊಳಗೆ ಸ್ನಾಯು ಸಡಿಲಿಸುವ ಮದ್ದೂ ಬೆರೆತಿರುತ್ತೆ. ಮಾರನೇ ಬೆಳಗ್ಗೆ ಅದನ್ನು ನುಂಗಿ ಅವನು ಮತ್ತೆ ಮೂಟೆಗೆ ಬೆನ್ನು ಕೊಡುತ್ತಾನೆ.

ಮದ್ದಿನ ಮೇಲೆ ನಮಗೆ ಹಗೆಯಿಲ್ಲ. ವೈದ್ಯರು ನೋಡಿ, ಅಳೆದು ಕೊಟ್ಟರೆ ಅದು ಉಪಕಾರವೇ. ಆದರೆ ಬಿಸಿಲಲ್ಲಿ ದುಡಿಯುವ ಮೈಗೂ ಫ್ಯಾನಿನ ಕೆಳಗೆ ಕೂತ ಮೈಗೂ ಒಂದೇ ಲೆಕ್ಕ ನಡೆಯಲ್ಲ.

ಮನುಷ್ಯನ ಮೈಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ದಣಿಯದಾಗಿರಲಿ, ದಲಿತನದಾಗಿರಲಿ, ಅಷ್ಟೇ. ಮೂಟೆ ಹೊತ್ತಾಗ ಸ್ನಾಯುಗಳೇ ಒಲೆಯಾಗಿ ಉರಿಯುತ್ತವೆ. ಆ ಉರಿಯನ್ನು ಹೊರಗೆ ಹಾಕೋದು ಬೆವರು. ಬೆವರು ಆರುವಾಗ ಮೈ ತಣಿಯುತ್ತೆ. ನಮ್ಮವರ ಬೆವರು ನಾತ ಅಂತ ಮೂಗು ಮುಚ್ಚಿಕೊಳ್ಳುವವರು ಕೇಳಿಸಿಕೊಳ್ಳಲಿ: ಆ ಬೆವರೇ ಅವನ ಜೀವದ ಕಾವಲುಗಾರ.

ಈ ಕಾವಲುಗಾರನ ಕೈಕಟ್ಟುವ ಮದ್ದುಗಳಿವೆ. ಆರ್ಫೆನಡ್ರಿನ್ ಅಂತ ಒಂದು, ಸೈಕ್ಲೋಬೆಂಜಾಪ್ರಿನ್ ಅಂತ ಇನ್ನೊಂದು. ಇವು ಸ್ನಾಯು ಸಡಿಲಿಸುವುದರ ಜೊತೆಗೆ ಬೆವರನ್ನೂ ಕಮ್ಮಿ ಮಾಡಬಲ್ಲವು. ಬಾಯಿ ಒಣಗುತ್ತೆ, ಮೈ ಒಣಗುತ್ತೆ, ಒಳಗಿನ ಬಿಸಿ ಒಳಗೇ ಉಳಿಯುತ್ತೆ. ಮೈಶಾಖ 40 ಡಿಗ್ರಿ ದಾಟಿ ಮಾತು ತೊದಲಿದರೆ, ಬುದ್ಧಿ ತಪ್ಪಿದರೆ, ಅದು ಬಿಸಿಲಾಘಾತ. ಪ್ರಾಣ ಹೋಗುತ್ತೆ. ಟಿಜಾನಿಡಿನ್ ಅನ್ನೋದು ರಕ್ತದೊತ್ತಡ ಇಳಿಸುತ್ತೆ, ತೂಕಡಿಕೆ ತರುತ್ತೆ. ಅಪರೂಪಕ್ಕೆ ಮೈಶಾಖವನ್ನೇ ಇಳಿಸಿಬಿಡುತ್ತೆ. ತಲೆ ಮೇಲೆ ಮೂಟೆ ಇರುವವನಿಗೆ ತಲೆ ಸುತ್ತಿದರೆ ಏನಾಗುತ್ತೆ ಅಂತ ನಾವು ಬಿಡಿಸಿ ಹೇಳಬೇಕೇ?

ಬ್ಯಾಕ್ಲೊಫೆನ್‌ದು ಉಲ್ಟಾ ಆಟ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಜ್ವರ ಏರುತ್ತೆ, ಸ್ನಾಯು ಸೆಟೆಯುತ್ತೆ, ಭ್ರಮೆ ಹಿಡಿಯುತ್ತೆ. ಕೂಲಿ ಸಿಕ್ಕ ವಾರ ಮಾತ್ರೆ, ಸಿಗದ ವಾರ ಉಪವಾಸ ಅನ್ನುವವನಿಗೆ ಇದನ್ನು ಯಾರು ಹೇಳಿದ್ದಾರೆ?

ಆಪರೇಷನ್ ಕೋಣೆಯಲ್ಲೂ ಇದೇ ಕತೆಯ ಇನ್ನೊಂದು ಮುಖವಿದೆ. ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸಲು ಸಕ್ಸಿನಿಲ್‌ಕೋಲಿನ್ ಎಂಬ ಚುಚ್ಚುಮದ್ದು ಹಾಕುವುದುಂಟು. ಕೆಲವು ವಂಶಗಳ ಮೈಯಲ್ಲಿ ಅದು, ಇಲ್ಲವೇ ಉಸಿರಿನ ಮೂಲಕ ಕೊಡುವ ಕೆಲವು ಅರಿವಳಿಕೆಗಳು, ಸ್ನಾಯುಗಳನ್ನು ಬೆಂಕಿಯ ಕೆಂಡ ಮಾಡುತ್ತವೆ. ಮೈಶಾಖ ನಿಮಿಷ ನಿಮಿಷಕ್ಕೂ ಏರಬಹುದು. ಇದು ಜಗತ್ತಿಗೆ ಸ್ಪಷ್ಟವಾದದ್ದು 1960ರಲ್ಲಿ, ಮೆಲ್ಬರ್ನ್ ನಗರದಲ್ಲಿ. ಕಾಲು ಮುರಿದುಕೊಂಡ 21 ವರ್ಷದ ಯುವಕನೊಬ್ಬ, ಕಾಲಿಗಿಂತ ಅರಿವಳಿಕೆಗೇ ನನಗೆ ಭಯ ಅಂದ. ಅವನ ಬಂಧುಗಳು ಹತ್ತು ಮಂದಿ ಅದರಿಂದಲೇ ಸತ್ತಿದ್ದರು. ಡೆನ್‌ಬರೋ ಮತ್ತು ಲೊವೆಲ್ ಎಂಬ ವೈದ್ಯರು ಅದನ್ನು ಬರೆದು ಪ್ರಕಟಿಸಿದರು. 1979ರಿಂದ ಇದಕ್ಕೆ ಡ್ಯಾಂಟ್ರೊಲಿನ್ ಎಂಬ ಚುಚ್ಚುಮದ್ದೂ ಬಂತು.

ಇಲ್ಲಿ ಪಾಠ ಏನು? ರೋಗಿಯ ಬಾಯಲ್ಲೂ ವಿದ್ಯೆ ಇರುತ್ತೆ ಅನ್ನೋದು. ಆ ಯುವಕನ ಮನೆತನದ ದುಃಖವೇ ವಿಜ್ಞಾನವಾಯಿತು. ನಮ್ಮ ಅವ್ವ ಆಸ್ಪತ್ರೆಯಲ್ಲಿ, "ನಮ್ಮಣ್ಣ ಆಪ್ರೇಸನ್ ಆಗುವಾಗ ಮೈ ಸುಟ್ಟೋಗಿ ಸತ್ತ ಸಾಮಿ" ಅಂದರೆ ಕೇಳುವ ಕಿವಿ ಎಷ್ಟಿವೆ? "ಸುಮ್ನಿರಮ್ಮ" ಅನ್ನುವ ನಾಲಿಗೆ ಎಷ್ಟಿವೆ?

ಕಾನೂನು ಇಲ್ಲ ಅಂತ ಅಲ್ಲ. 1940ರ ಔಷಧಿ ಕಾಯ್ದೆಯಿದೆ. ಅದರ ನಿಯಮಗಳಲ್ಲಿ 'ಎಚ್' ಅನುಸೂಚಿ ಇದೆ. ಬ್ಯಾಕ್ಲೊಫೆನ್ ತರದ ಮದ್ದನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಪೊಟ್ಟಣದ ಮೇಲೇ ಆ ಎಚ್ಚರಿಕೆ ಇರುತ್ತೆ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ! ಹಿಂದೆ ಸಂಸ್ಕೃತ ನಮ್ಮ ಕಿವಿಗೆ ಬೀಳಬಾರದು ಅಂದರು. ಈಗ ಜೀವ ಉಳಿಸೋ ಮಾತನ್ನು ನಮ್ಮ ಕಣ್ಣಿಗೆ ತಿಳಿಯದ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಎರಡಕ್ಕೂ ಫಲ ಒಂದೇ.

ಒಂದೇ ಮಾತ್ರೆಯಲ್ಲಿ ಎರಡು ಮೂರು ಮದ್ದು ಬೆರೆಸಿ ಮಾರುವ ವ್ಯಾಪಾರವೂ ಸಣ್ಣದಲ್ಲ. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 344 ಮಿಶ್ರಣಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟಿನವರೆಗೂ ಜಗ್ಗಾಟ ನಡೆದು, 2018ರ ಸೆಪ್ಟೆಂಬರಿನಲ್ಲಿ 328ಕ್ಕೆ ಮತ್ತೆ ನಿಷೇಧ ಬಂತು. ಎರಡೂವರೆ ವರ್ಷ! ಲಾಭಕ್ಕೆ ವಕೀಲರಿದ್ದಾರೆ. ಬೆನ್ನಿಗೆ ಯಾರಿದ್ದಾರೆ?

ಹಾಗಂತ ಅಂಗಡಿಯ ಹುಡುಗನನ್ನು ಬೈದು ಮುಗಿಸಿದರೆ ನಾವು ಮೋಸ ಹೋದಂತೆ. ಅವನೂ ಸಂಬಳದವನೇ. ಮೂಲ ಎಲ್ಲಿದೆ? ಮೂಟೆಗಿಷ್ಟು ಅಂತ ಕೂಲಿ ಕಟ್ಟುವ ಯಜಮಾನನಲ್ಲಿದೆ. ಕೂತರೆ ಕೂಲಿಯಿಲ್ಲ, ಆದ್ದರಿಂದ ನೋವು ಇರಬಾರದು. ಗಂಡಾಳು ಹೊರುವ ಭಾರ 55 ಕಿಲೋ ದಾಟಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ತೂಕ ಇಳಿಸುವ ಬದಲು ನೋವು ಇಳಿಸುವುದು ಯಜಮಾನನಿಗೆ ಅಗ್ಗ. ಆ ಮಾತ್ರೆಯ ದುಡ್ಡನ್ನೂ ಆಳೇ ಕೊಡುತ್ತಾನೆ!

ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ಇಳಿದದ್ದು ನೀರಿನ ಹಕ್ಕಿಗೆ. ಇವತ್ತು ಮಂಡಿಯ ಬಿಸಿಲಲ್ಲಿ ಕೇಳಬೇಕಾದ್ದೂ ಅದೇ ನೀರು. ನೆರಳು. ವಿರಾಮ. ಹಗುರ ಮೂಟೆ. ಮಾತ್ರೆಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ಎಚ್ಚರಿಕೆ.

ಹಾಸ್ಟೆಲ್ ಗೆಳೆಯರೇ, ಬಿ.ಎ. ಓದಿ ಕಲಿತ ಇಂಗ್ಲಿಷನ್ನು ಅರ್ಜಿ ಬರೆಯೋಕೆ ಮಾತ್ರ ಇಟ್ಟುಕೊಳ್ಳಬೇಡಿ. ರಜೆಗೆ ಊರಿಗೆ ಹೋದಾಗ ಅಪ್ಪನ ಜೇಬಿನ ಮಾತ್ರೆ ತೆಗೆದು ಓದಿ. ಹೆಸರು ಬರೆದುಕೊಂಡು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳಿ: ಇದು ಬೆವರು ತಡೆಯುತ್ತಾ? ಬಿಸಿಲಲ್ಲಿ ದುಡಿಯುವವನು ತಗೋಬಹುದಾ? ನಿಲ್ಲಿಸೋದು ಹೇಗೆ? ಬಹಳ ದಿನದಿಂದ ತಗೊಳ್ತಿದ್ದರೆ ನೀವೇ ಕಿತ್ತು ಎಸೆಯಬೇಡಿ, ವೈದ್ಯರು ಹೇಳಿದಂತೆ ಇಳಿಸುತ್ತಾ ಬನ್ನಿ. ಯಾರಾದರೂ ಬಿಸಿಲಲ್ಲಿ ಬಿದ್ದು, ಮೈ ಕೆಂಡವಾಗಿ ಮಾತು ತಪ್ಪಿದ್ದರೆ ಜ್ವರದ ಮಾತ್ರೆ ಕೊಡಬೇಡಿ, ಅದು ಕೆಲಸಕ್ಕೆ ಬರಲ್ಲ. ನೆರಳಿಗೆ ಎಳೆಯಿರಿ, ಮೈಗೆಲ್ಲ ನೀರು ಸುರಿಯಿರಿ, ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿ. ಆಪರೇಷನ್ ಅಂದರೆ, ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ ಅಂತ ಅವ್ವನನ್ನು ಕೇಳಿ, ವೈದ್ಯರಿಗೆ ಗಟ್ಟಿಯಾಗಿ ಹೇಳಿ.

ನಮ್ಮ ಸ್ನಾಯು ಸಡಿಲವಾಗಲಿ, ಬೇಡ ಅನ್ನಲ್ಲ. ನಮ್ಮ ಮುಷ್ಟಿ ಸಡಿಲವಾಗಕೂಡದು.