ಆಟದ ಪೀರಿಯಡ್ಡಿನಲ್ಲೂ ಹಕ್ಕಿದೆ



ಸಂವಿಧಾನದ 350ಎ ವಿಧಿ ನಮಗೆಲ್ಲ ಬಾಯಿಪಾಠ. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕೆಂದು ಗಡಿನಾಡಿನ ಕನ್ನಡಿಗರು ದಶಕಗಳಿಂದ ಮನವಿ ಸಲ್ಲಿಸುತ್ತ ಬಂದಿದ್ದೇವೆ. ಆದರೆ ನಮ್ಮದೇ ಶಾಲೆಯ ಆಟದ ಪೀರಿಯಡ್ಡಿನಲ್ಲಿ ಬೌದ್ಧಿಕ ಅಸಾಮರ್ಥ್ಯವುಳ್ಳ ಮಗು ಎಲ್ಲಿರುತ್ತದೆಂದು ತಾವು ಗಮನಿಸಿದ್ದೀರಾ? ಎಷ್ಟೋ ಕಡೆ ಜಗಲಿಯ ಮೇಲೆ, ಉಳಿದವರ ಚೀಲ ಕಾಯುತ್ತ.

ಇದು ಕರುಣೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಇತರರಿಗೆ ಸಮಾನವಾಗಿ ಆಟೋಟದ ಅವಕಾಶ ಕೊಡುವಂತೆ ನೋಡಿಕೊಳ್ಳಬೇಕೆಂದು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 16ನೇ ಕಲಂ ಹೇಳುತ್ತದೆ.

“ಇವನಿಗೆ ಆಟ ಬರುವುದಿಲ್ಲ” ಎನ್ನುವುದು ಅರ್ಧ ಸತ್ಯ. ಆಟವನ್ನು ಅವನಿಗೆ ಹೊಂದಿಸಿ ಕೊಟ್ಟಿಲ್ಲವೆಂಬುದು ಉಳಿದರ್ಧ. ಚೆಂಡು ದೊಡ್ಡದಿರಲಿ, ದೂರ ಕಡಿಮೆಯಿರಲಿ, ಒಂದು ಸಲಕ್ಕೆ ಒಂದೇ ಸೂಚನೆಯಿರಲಿ, ಹೇಳಿದ್ದನ್ನು ಮಾಡಿಯೂ ತೋರಿಸಿ. 1968ರಲ್ಲಿ ಶಿಕಾಗೋದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಮೊದಲು ಪ್ರತಿಯೊಬ್ಬರ ಸಾಮರ್ಥ್ಯ ಅಳೆದು, ಸರಿಸುಮಾರು ಸಮಾನರಾದವರನ್ನೇ ಒಂದು ಗುಂಪಾಗಿ ಸ್ಪರ್ಧೆಗೆ ಬಿಡುತ್ತಾರೆ. ಅಲ್ಲಿಯ ‘ಯುನಿಫೈಡ್’ ಆಟಗಳಲ್ಲಿ ಅಸಾಮರ್ಥ್ಯವುಳ್ಳವರೂ ಇಲ್ಲದವರೂ ಒಂದೇ ತಂಡ. ನಮ್ಮ ಲಗೋರಿಗೂ ಖೋ-ಖೋಗೂ ಈ ಕ್ರಮ ಒಗ್ಗದೇನು?

ಪದಕಕ್ಕಿಂತ ದೊಡ್ಡ ಲಾಭ ಬೇರೆಯಿದೆ. ಶಾಲೆ ಮುಗಿದ ಮೇಲೆ ಮನೆಯೊಳಗೇ ಉಳಿಯುವ ಇಂಥ ತರುಣ ತರುಣಿಯರಿಗೆ ಮೈತೂಕ ಏರುತ್ತದೆ, ಒಂಟಿತನ ಕಾಡುತ್ತದೆ. ನಿತ್ಯದ ಆಟ ಮೈಗೆ ಬಲ ಕೊಡುತ್ತದೆ. ಹೆಸರು ಹಿಡಿದು ಕರೆಯುವ ನಾಲ್ವರು ಗೆಳೆಯರನ್ನೂ ಕೊಡುತ್ತದೆ. ಎಚ್ಚರವೂ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರ ಕುತ್ತಿಗೆಯ ಮೇಲಿನ ಸಂದು ಸಡಿಲವಾಗಿರುತ್ತದೆ. ವೈದ್ಯರನ್ನು ಕೇಳದೆ ಅವರಿಂದ ಲಾಗ ಹಾಕಿಸಬಾರದು.

ಇನ್ನು ಭಾಷೆಯ ಮಾತು. ‘ಓಡು, ನಿಲ್ಲು, ಹಿಡಿ, ಎಸೆ’ ಎಂಬ ಸೂಚನೆ ಇಂಥ ಮಗುವಿಗೆ ತಟ್ಟನೆ ತಿಳಿಯಬೇಕಾದರೆ ಅದು ಮನೆಯಲ್ಲಿ ಕೇಳಿದ ಮಾತಿನಲ್ಲಿರಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಎಣ್ಮಕಜೆ, ಬೆಳ್ಳೂರಿನಂಥ ಪಂಚಾಯತುಗಳಲ್ಲಿ ಕನ್ನಡ, ತುಳು ಆಡುವ ಮನೆಗಳು ಬಹಳ. ಅಲ್ಲಿಯ ಮಗುವಿಗೆ ಮಲಯಾಳವಷ್ಟೇ ಬಲ್ಲ ವಿಶೇಷ ಶಿಕ್ಷಕರನ್ನು ಕೊಟ್ಟರೆ, ಸೂಚನೆ ಅರ್ಥವಾಗದೆ ನಿಂತ ಮಗುವನ್ನು ಆಟ ಬಾರದ ಮಗುವೆಂದೇ ಬರೆದುಕೊಳ್ಳುತ್ತಾರೆ. ಹೊಸೂರು, ಅಕ್ಕಲಕೋಟೆಗಳಲ್ಲಿ ಭಾಷೆಯ ಹೆಸರು ಬೇರೆ, ಅಪಾಯ ಇದೇ.

ಆದ್ದರಿಂದ ಎರಡು ಕೆಲಸ ಆಗಬೇಕು. ಕನ್ನಡ ಬಲ್ಲ ವಿಶೇಷ ಶಿಕ್ಷಕರು ಬೇಕೆಂಬ ಸಾಲು ನಮ್ಮ ಮುಂದಿನ ಮನವಿಯಲ್ಲಿ ಸೇರಲಿ. ಅದಕ್ಕೆ ಉತ್ತರ ಬರುವವರೆಗೆ ಕಾಯದೆ, ಈ ವರ್ಷದ ಶಾಲಾ ಕ್ರೀಡೋತ್ಸವದಲ್ಲಿ ಒಂದಾದರೂ ಕೂಡಿ ಆಡುವ ಆಟವಿರಲಿ. ಅದಕ್ಕೆ ಸರಕಾರದ ಆದೇಶ ಬೇಕಿಲ್ಲ. ರಕ್ಷಕ-ಶಿಕ್ಷಕ ಸಂಘದ ಒಂದು ಸಭೆ ಸಾಕು. ಬಹುಸಂಖ್ಯಾತರಿಂದ ನಾವು ಕೇಳುವ ನ್ಯಾಯವನ್ನು ನಮ್ಮ ನಡುವಿನ ಅಲ್ಪಸಂಖ್ಯಾತರಿಗೆ ಮೊದಲು ನಾವೇ ಕೊಡಬೇಡವೇ?