ತೂಬು ಮುಚ್ಚಿದ ಕೆರೆಯ ಮೀನು

ಟರ್ಕಿಯ ಅಲನ್ಯಾ ಎಂಬ ಕಡಲೂರಿನ ಸಣ್ಣ ಮೀನುಗಾರರು 1970ರ ದಶಕದಲ್ಲಿ ಬಲೆ ಹಾಕುವ ಜಾಗಕ್ಕಾಗಿ ಕಿತ್ತಾಡಿ ಬೇಸತ್ತಿದ್ದರು. ಕೊನೆಗೆ ಮೀನು ಸಿಗುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತತೊಡಗಿದರು. ಜನವರಿಯವರೆಗೆ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುವುದು, ಆಮೇಲೆ ಪಶ್ಚಿಮಕ್ಕೆ. ಒಳ್ಳೆಯ ಜಾಗ ಎಲ್ಲರ ಪಾಲಿಗೂ ಬರುತ್ತಿತ್ತು. ಕಾವಲಿಗೆ ಸರ್ಕಾರಿ ಪೇದೆ ಬೇಕಿರಲಿಲ್ಲ. ತನ್ನ ಸರದಿಯ ದಿನ ಇನ್ನೊಬ್ಬ ಬಂದು ಬಲೆ ಬಿಟ್ಟರೆ ಸುಮ್ಮನಿರುವವರು ಯಾರು? ಎಲಿನಾರ್ ಆಸ್ಟ್ರಮ್ 1990ರಲ್ಲಿ ಬರೆದ ಪುಸ್ತಕದಿಂದ ಈ ಊರು ಜಗತ್ತಿಗೆ ಪರಿಚಯವಾಯಿತು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಗೆ ಕಡಲಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಆದರೆ ಈ ಊರುಗಳೆಲ್ಲ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು, ಅವುಗಳ ಜೊತೆ ಕಟ್ಟಳೆಗಳೂ ಇದ್ದವು. ಮಳೆ ಕೈಕೊಟ್ಟು ಕೆರೆ ಅರ್ಧ ತುಂಬಿದ ವರ್ಷಕ್ಕೆ ದಾಮಾಷಾ ಪದ್ಧತಿ. ತೂಬಿಗೆ ಹತ್ತಿರದ ಗದ್ದೆಗಳಲ್ಲಷ್ಟೇ ಬೆಳೆ. ಆ ಗದ್ದೆಗಳನ್ನೇ ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಗೆ ತಕ್ಕಂತೆ ಆ ವರ್ಷದ ಮಟ್ಟಿಗೆ ಹಂಚುವುದು. ಕೊನೆಯ ಗದ್ದೆಯವನಿಗೂ ತೂಬಿನ ಬುಡದಲ್ಲಿ ಒಂದು ಪಾಲು. ಅಲನ್ಯಾದ ಚೀಟಿಗಿಂತ ಇದೇನೂ ಕಡಿಮೆ ಜಾಣತನವಲ್ಲ.

ಇದನ್ನು ಸ್ವರ್ಣಯುಗ ಎನ್ನಲು ಮಾತ್ರ ನಾನು ಸಿದ್ಧನಿಲ್ಲ. ಹಿಡುವಳಿಗೆ ತಕ್ಕ ಪಾಲೆಂದರೆ ಭೂಮಿಯಿಲ್ಲದವನಿಗೆ ಸೊನ್ನೆ. ತೂಬು ಎತ್ತಿ, ಕಾಲುವೆ ಕಾದು, ರಾತ್ರಿಯೆಲ್ಲ ನೀರು ತಿರುಗಿಸುತ್ತಿದ್ದ ನೀರುಗಂಟಿ ಬಹುಮಟ್ಟಿಗೆ ದಲಿತ. ಸುಗ್ಗಿಯಲ್ಲಿ ಕಣದಿಂದ ಕೊಟ್ಟಷ್ಟು ಧಾನ್ಯ ಅವನದು, ತೀರ್ಮಾನ ಊರ ಗೌಡರದು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ್ದು ಸರಿಯೇ. ಆದರೆ ಆ ಕೆಲಸ ಇನ್ನು ಮುಂದೆ ಯಾರದು ಎಂಬುದು ಇತ್ಯರ್ಥವಾಗಲೇ ಇಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಜಲ ಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಯೋಜನೆ ಮುಗಿಯುತ್ತಲೇ ಅನೇಕ ಕಡೆ ಸಂಘದ ಸಭೆಯೂ ನಿಂತಿತು.

ದಾಮಾಷಾ ನಡೆಯುತ್ತಿದ್ದ ಕಾಲದಲ್ಲಿ ಕೆರೆಯ ಮೀನಿನ ಲೆಕ್ಕ ಇಟ್ಟವರು ಕಡಿಮೆ. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಜನ ಇಳಿದು ಕೈಗೆ ಸಿಕ್ಕಿದ್ದು ಹಿಡಿಯುತ್ತಿದ್ದರು. ಈಗ ಲೆಕ್ಕ ತಲೆಕೆಳಗಾಗಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಪೈಪಿನಲ್ಲಿ ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವನ್ನು ತುಂಬಿಸಿದೆ. ಉದ್ದೇಶ ಅಂತರ್ಜಲ ಮರುಪೂರಣ. ಪಂಪಿಟ್ಟು ನೇರವಾಗಿ ನೀರೆತ್ತುವಂತಿಲ್ಲ. ತೂಬು ಮುಚ್ಚಿರುವ, ಬೇಸಿಗೆಯಲ್ಲೂ ನೀರಿರುವ ಇಂಥ ಕೆರೆಯಲ್ಲಿ ಕಣ್ಣಿಗೆ ಕಾಣುವ ಬೆಳೆ ಒಂದೇ: ಕಾಟ್ಲಾ, ರೋಹು, ಜಿಲೇಬಿ ಮೀನು.

ಆ ಬೆಳೆಯ ಮೇಲೆ ಊರಿನ ಮಾತು ನಡೆಯುವುದಿಲ್ಲ. ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಗೆ, ಸಣ್ಣದು ಪಂಚಾಯಿತಿಗೆ; ಮೀನು ಹಿಡಿಯುವ ಹಕ್ಕು, ಅಂದರೆ ಪಾಶುವಾರು, ಗುತ್ತಿಗೆಗೆ ಇಲ್ಲವೇ ಹರಾಜಿಗೆ. ಮೀನುಗಾರರ ಸಹಕಾರ ಸಂಘಕ್ಕೆ ಆದ್ಯತೆಯೇನೋ ಇದೆ. ಆದರೆ ಸಂಘದ ಹೆಸರು, ಬಂಡವಾಳ ಮಾತ್ರ ಹೊರಗಿನ ಗುತ್ತಿಗೆದಾರನದು ಎಂಬ ದೂರು ರಾಜ್ಯದಲ್ಲಿ ಹೊಸದಲ್ಲ. ಹಣ ಹೂಡಿದವನಿಗೆ ಮರಿ ಬಿಡುವುದು, ಬಲಿತ ಮೇಲೆ ಬಳಿದು ಲಾರಿಗೆ ಹಾಕುವುದು, ಇಷ್ಟೇ ಕೆಲಸ. ನೀರಿನ ಗುಣ ಕೆಟ್ಟು ಮೀನು ಸತ್ತರೆ ನಷ್ಟ ಅವನದು, ನಾತ ಊರಿನದು.

ಹರಾಜಿನ ಹಣ ಪಂಚಾಯಿತಿಗೆ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ. ಆದರೆ ಅಲನ್ಯಾದಲ್ಲಿ ಕಟ್ಟಳೆ ನಿಂತದ್ದು ಹಣದಿಂದಲ್ಲ, ಕಟ್ಟಳೆ ಮಾಡಿದವರೇ ಬಲೆ ಹಿಡಿದವರಾಗಿದ್ದರಿಂದ. ಮುಂದಿನ ಗುತ್ತಿಗೆಗೆ ಮೊದಲು ಕೆರೆಯ ಸುತ್ತಲಿನ ಹಳ್ಳಿಗಳ ಗ್ರಾಮಸಭೆಯಲ್ಲಿ ಮೂರು ವಿಷಯ ಮಾತಾಡಬೇಕು: ಬಲೆಯ ಕಣ್ಣು ಎಷ್ಟಿರಬೇಕು, ಮರಿ ಹಾಕುವ ತಿಂಗಳಲ್ಲಿ ಯಾರು ಕಾಯಬೇಕು, ನೀರಿನ ಪರೀಕ್ಷೆಯ ವರದಿ ಯಾವ ಗೋಡೆಗೆ ಅಂಟಬೇಕು. ಪಾಲುದಾರರ ಪಟ್ಟಿಯನ್ನು ಮಾತ್ರ ಪಹಣಿ ನೋಡಿ ಮಾಡಬಾರದು. ದಾಮಾಷಾದಲ್ಲಿ ಸೊನ್ನೆ ಪಡೆದ ಮನೆಗಳಿಂದ, ನೀರುಗಂಟಿಗಳ ಮೊಮ್ಮಕ್ಕಳಿಂದ ಆ ಪಟ್ಟಿ ಶುರುವಾಗಬೇಕು.