ಕಾರವಾರದ ಕಡಲನ್ನು ಖಾಲಿ ಮಾಡುವ ಕಪ್ಪು ಗಾಜು

ಬೆಳಗಾವಿಯಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರಿಗೆಲ್ಲ ಒಂದು ಹರಕೆ ಇದ್ದೇ ಇರುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ನಸುಕಿನಲ್ಲೇ ಎದ್ದು ಖಾನಾಪುರ, ಲೋಂಡಾ, ರಾಮನಗರ, ಜೊಯಿಡಾ ದಾಟಿ, ಅಣಶಿ ಘಟ್ಟ ಇಳಿದು ಕಾರವಾರ ಸೇರುವುದು. ಸಂಜೆಯ ಸೂರ್ಯಾಸ್ತ, ಮರುದಿನದ ಸೂರ್ಯೋದಯ ಎರಡನ್ನೂ ಕ್ಯಾಮೆರಾದಲ್ಲಿ ತುಂಬಿಕೊಂಡು ಭಾನುವಾರ ರಾತ್ರಿ ಊರು ಮುಟ್ಟುವುದು. ಸೋಮವಾರ ಬೆಳಿಗ್ಗೆ ಪ್ರಸಾದ ಹಂಚಿದ ಹಾಗೆ ಫೋಟೊಗಳು ಬರುತ್ತವೆ.

ಆ ಫೋಟೊಗಳಲ್ಲಿ ಏನಿರುತ್ತದೆ ಅಂತ ನೋಡದೆಯೇ ಹೇಳಬಹುದು! ಮೇಲೆ ಕಿತ್ತಳೆ ಬಣ್ಣದ ಆಕಾಶ. ಕೆಳಗೆ ಹಾಲು ಉಕ್ಕಿ ಆರಿದಂತಹ ನೀರು. ನಡುವೆ ಒಂದು ಕಪ್ಪು ಬಂಡೆ. ಮುಗಿಯಿತು. ದೋಣಿ ಇಲ್ಲ, ಬಲೆ ಇಲ್ಲ, ಮನುಷ್ಯ ಇಲ್ಲ, ಅಲೆಯೂ ಇಲ್ಲ. ಕೆಳಗೆ ಊರಿನ ಹೆಸರು ಬರೆಯದಿದ್ದರೆ ಅದು ಕಾರವಾರವೋ, ಐಸ್‌ಲ್ಯಾಂಡೋ ದೇವರಿಗೇ ಗೊತ್ತು. "ಸೂಪರ್", "ವಾಹ್" ಅಂತ ನಾವೂ ಬರೆದು ಮುಂದೆ ಹೋಗುತ್ತೇವೆ.

ನನಗೆ ಈ "ವಾಹ್" ಸಾಕಾಗಿದೆ. ಅದಕ್ಕೇ ಈ ಜಗಳ.

ಮೊದಲೇ ಹೇಳಿಬಿಡುತ್ತೇನೆ, ನನ್ನ ತಕರಾರು ಫಿಲ್ಟರುಗಳ ಮೇಲಲ್ಲ. "ಫಿಲ್ಟರ್ ಹಾಕಿದರೆ ಅದು ಸುಳ್ಳು ಫೋಟೊ" ಅನ್ನುವ ಮಡಿವಂತರ ಗುಂಪಿಗೂ ನಾನು ಸೇರಿದವನಲ್ಲ. ಸೂರ್ಯ ಮುಳುಗುವಾಗ ಆಕಾಶಕ್ಕೂ ಮರಳಿಗೂ ಬೆಳಕಿನಲ್ಲಿ ಅಜಗಜಾಂತರ. ನಮ್ಮ ಕಣ್ಣು ಎರಡನ್ನೂ ಸಂಭಾಳಿಸುತ್ತದೆ, ಕ್ಯಾಮೆರಾ ಪರದಾಡುತ್ತದೆ. ಆಕಾಶಕ್ಕೆ ಸರಿಮಾಡಿದರೆ ದಡ ಇದ್ದಿಲು, ದಡಕ್ಕೆ ಸರಿಮಾಡಿದರೆ ಆಕಾಶ ಸುಣ್ಣ. ಇದು ಇವತ್ತಿನ ತೊಂದರೆಯಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1857ರಲ್ಲೇ ಸೆತ್ ಎಂಬ ಊರಿನ ಕಡಲಿನ ಚಿತ್ರಕ್ಕೆ ಆಕಾಶದ್ದೊಂದು, ನೀರಿನದ್ದೊಂದು ಅಂತ ಎರಡು ನೆಗೆಟಿವ್ ಜೋಡಿಸಿದ್ದ. ಅರ್ಧ ಕಪ್ಪು, ಅರ್ಧ ಬಿಳಿ ಇರುವ ಗ್ರಾಜುಯೇಟೆಡ್ ಫಿಲ್ಟರ್ ಮಾಡುವುದೂ ಅದೇ ಕೆಲಸವನ್ನೇ. ಆಕಾಶದ ಬೆಳಕನ್ನು ಎರಡು-ಮೂರು ಸ್ಟಾಪ್ ತಗ್ಗಿಸಿ, ಕಣ್ಣು ಕಂಡದ್ದನ್ನು ಕ್ಯಾಮೆರಾಕ್ಕೂ ಕಾಣಿಸುತ್ತದೆ. ಕನ್ನಡಕ ಹಾಕಿಕೊಂಡವನನ್ನು ಸುಳ್ಳ ಅನ್ನುತ್ತೇವೆಯೇ?

ನನ್ನ ತಕರಾರು ಇನ್ನೊಂದು ಗಾಜಿನ ಮೇಲೆ. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್. ಕೈಯಲ್ಲಿ ಹಿಡಿದು ನೋಡಿದರೆ ವೆಲ್ಡಿಂಗ್ ಮಾಡುವವರ ಗಾಜಿನ ಹಾಗೆ ಕರ್ರಗೆ ಇರುತ್ತದಲ್ಲ, ಅದು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ. ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಪಾಲು ಉಳಿಯುತ್ತದೆ. ಸೆಕೆಂಡಿನ 15ನೇ ಒಂದು ಭಾಗದಲ್ಲಿ ಮುಗಿಯಬೇಕಾದ ಫೋಟೊಗೆ ಸುಮಾರು 68 ಸೆಕೆಂಡು ಬಾಗಿಲು ತೆರೆದಿಡಬೇಕು. ಆ 68 ಸೆಕೆಂಡಿನಲ್ಲಿ ಅಲುಗಾಡಿದ್ದೆಲ್ಲ ಅಳಿಸಿಹೋಗುತ್ತದೆ. ಅಲೆ ಮಂಜಾಗುತ್ತದೆ, ನಡೆದು ಹೋದವನು ಇಲ್ಲವಾಗುತ್ತಾನೆ, ದೋಣಿ ಮಸುಕು ಗೆರೆಯಾಗುತ್ತದೆ. ಅಷ್ಟೇ ಏಕೆ, ಸೂರ್ಯ ಕೂಡ ಅಷ್ಟರಲ್ಲಿ ತನ್ನ ಅಗಲದ ಅರ್ಧಕ್ಕಿಂತ ಹೆಚ್ಚು ಕೆಳಗಿಳಿದು ಮೊಟ್ಟೆಯಾಗಿರುತ್ತಾನೆ. ಸೂರ್ಯಾಸ್ತದ ಫೋಟೊದಲ್ಲಿ ಸೂರ್ಯನೇ ಸರಿಯಿಲ್ಲ!

ಚಲಿಸುವುದನ್ನು ಅಳಿಸುವ ಈ ಗುಣ ಫೋಟೊಗ್ರಫಿಯಷ್ಟೇ ಹಳೆಯದು. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸಿನ ಒಂದು ಬೀದಿಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ಎಲ್ಲ ಗಿಜಿಗುಡುವ ಬೀದಿ. ಆದರೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಕೊನೆಗೆ ನೋಡಿದರೆ ಬೀದಿ ಬಿಕೋ ಅನ್ನುತ್ತಿದೆ. ಒಂದೆಡೆ ನಿಂತು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದವನೊಬ್ಬ ಮಾತ್ರ ಕಾಣುತ್ತಾನೆ. ಪಾಲಿಶ್ ಮಾಡುತ್ತಿದ್ದವನ ಕೈ ಆಡುತ್ತಿತ್ತು ನೋಡಿ, ಅವನು ಬರೀ ಮಸುಕು. ಅಂದರೆ ನಿಂತವನು ಉಳಿದ, ದುಡಿಯುತ್ತಿದ್ದವನು ಮಾಸಿದ.

ಡಾಗೇರನಿಗೆ ಅದು ಅನಿವಾರ್ಯ. ನಾವಾದರೋ ಸಾವಿರಾರು ರೂಪಾಯಿ ಕೊಟ್ಟು ಅದೇ ಕುಂದನ್ನು ಕೊಂಡು ತರುತ್ತಿದ್ದೇವೆ. ಈಗ ಕೆಲವು ಫೋನುಗಳಲ್ಲಿ ಗಾಜಿನ ಖರ್ಚೂ ಇಲ್ಲ, ಹತ್ತಾರು ಚಿತ್ರ ಬೆರೆಸಿ ಅವೇ ಅಳಿಸಿ ಕೊಡುತ್ತವೆ.

"ಅಳಿಸಿದರೆ ಏನಾಯ್ತು ಮಾರಾಯ, ನೋಡೋಕೆ ಚೆನ್ನಾಗಿದೆಯಲ್ಲ" ಅನ್ನುತ್ತೀರಿ. ಯಾರನ್ನು ಅಳಿಸುತ್ತಿದ್ದೇವೆ ಅಂತ ಸ್ವಲ್ಪ ನೋಡೋಣ.

ಕಾರವಾರದ ದಡದಲ್ಲಿ ಹಿಂದೆ ರಂಪಣಿ ಬಲೆ ಹಾಕುತ್ತಿದ್ದರು. ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಬಿಟ್ಟು ಬರುವುದು, ಎರಡೂ ತುದಿಗಳನ್ನು ದಡದ ಮೇಲೆ ಸಾಲುಸಾಲು ಜನ ಗಂಟೆಗಟ್ಟಲೆ ಎಳೆಯುವುದು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ದೋಣಿಗಳು ಬಂದು ರಂಪಣಿ ಸೋತಿತು. ಚಿಕ್ಕ ಏಂಡಿ ಬಲೆ ಎಳೆಯುವವರು ಉಳಿದರು. ಆಮೇಲೆ ಸೀಬರ್ಡ್ ಯೋಜನೆ. ಕಾರವಾರ-ಅಂಕೋಲಾ ನಡುವಿನ ಹಲವು ಹಳ್ಳಿಗಳವರು ಮನೆ, ಹೊಲ, ದಡ ಬಿಟ್ಟು ಎದ್ದರು. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ದೇಶಕ್ಕೆ ನೌಕಾನೆಲೆ ಬೇಡ ಅಂತ ನಾನು ಹೇಳುತ್ತಿಲ್ಲ. ದಡ ಕಡಿಮೆಯಾಯಿತು ಅನ್ನುತ್ತಿದ್ದೇನೆ. 2020ರ ಜನವರಿಯಲ್ಲಿ ಬಂದರಿನ ಎರಡನೇ ಹಂತದ ವಿಸ್ತರಣೆ ಟ್ಯಾಗೋರ್ ಕಡಲತೀರದತ್ತ ಬಂದಾಗ ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು. ಅವರು ಹೇಳುತ್ತಿದ್ದ ಮಾತಿನ ಸಾರ ಇಷ್ಟೇ: ಈ ದಡ ಖಾಲಿ ಜಾಗ ಅಲ್ಲ, ಇಲ್ಲಿ ನಾವಿದ್ದೇವೆ.

ಅದೇ ದಡಕ್ಕೆ ನಾವು ಬೆಳಗಾವಿಯಿಂದ ಟ್ರೈಪಾಡ್ ಹೊತ್ತು ಹೋಗಿ, ಕಪ್ಪು ಗಾಜು ಸಿಕ್ಕಿಸಿ, "ಇಲ್ಲಿ ಯಾರೂ ಇಲ್ಲ" ಅಂತ ಒಂದು ನಿಮಿಷ ಕಾದು ಸಾಬೀತು ಮಾಡಿ ಬರುತ್ತೇವೆ. ಕ್ಯಾಲೆಂಡರಿಗೂ, ಪ್ರವಾಸದ ಜಾಹೀರಾತಿಗೂ ಅದೇ ಚಿತ್ರ. ಕಾರವಾರ ನೋಡದ ಸಾವಿರ ಜನರ ತಲೆಯಲ್ಲಿ ಕಾರವಾರ ಅಂದರೆ ಒಂದು ಬಂಡೆ, ಒಂದಿಷ್ಟು ಮಂಜು. ಅಂತಹ ಜಾಗದಲ್ಲಿ ಏನು ಕಟ್ಟಿದರೂ ಯಾರಿಗೆ ನೋವಾಗುತ್ತದೆ ಹೇಳಿ? ಫೋಟೊದಿಂದಲೇ ಬಂದರು ಬರುತ್ತದೆ ಅಂತ ಅಲ್ಲ. ಆದರೆ ಯಾರೂ ಇಲ್ಲ ಅನ್ನುವ ಭಾವನೆ ಹುಟ್ಟಿಸುವುದರಲ್ಲಿ ನಮ್ಮ ಪಾಲೂ ಇದೆ.

ಟ್ಯಾಗೋರ್ ಹೆಸರು ಬಂತಲ್ಲ, ಅದನ್ನೂ ಹೇಳುತ್ತೇನೆ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅಲ್ಲಿ ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ್'. ಅದರ ಕಥೆ ಏನು ಗೊತ್ತೇ? ಲೋಕದ ನಂಟೆಲ್ಲ ಕಡಿದುಕೊಂಡು ಶುದ್ಧವಾದ ಅನಂತವನ್ನೇ ಕಾಣುತ್ತೇನೆ ಅಂತ ಹೊರಟ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತಾಳೆ. ಅದೇ ಕಡಲ ದಡದಲ್ಲಿ ನಾವು ತಿರುಗಿ ಸನ್ಯಾಸಿಯಾಗಲು ಹೊರಟಿದ್ದೇವೆ, ಅದೂ ಫಿಲ್ಟರ್ ಹಾಕಿಕೊಂಡು :-)

ಇದು ಕರಾವಳಿಯ ಮಾತು, ನಮಗೇನು ಅನ್ನಬೇಡಿ. ಖಾನಾಪುರ ತಾಲ್ಲೂಕಿನಲ್ಲೂ ಇದೇ ಗಾಜು ಇನ್ನೊಂದು ಸುಳ್ಳು ಹೇಳುತ್ತದೆ. ಈ ಒಂದೇ ತಾಲ್ಲೂಕಿನಿಂದ ಮಹದಾಯಿ ಪಶ್ಚಿಮಕ್ಕೆ ಹರಿದು ಗೋವಾದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರುತ್ತದೆ. ಬೇಸಿಗೆಯ ಹೊತ್ತಿಗೆ ಹೊಳೆಯಲ್ಲಿ ನೀರು ಎಳೆಯಾಗಿರುತ್ತದೆ. ಎರಡು ಸೆಕೆಂಡು ಬಾಗಿಲು ತೆರೆದಿಟ್ಟರೆ ಸಾಕು, ಆ ಎಳೆಗಳೆಲ್ಲ ಒಂದರ ಪಕ್ಕ ಒಂದು ಬಿದ್ದು ರೇಷ್ಮೆ ಸೀರೆಯ ಸೆರಗಿನಷ್ಟು ಅಗಲವಾಗಿ ಕಾಣುತ್ತವೆ. ಇಲ್ಲದ ನೀರು ಇದ್ದ ಹಾಗೆ! ಮಹದಾಯಿ ನೀರಿನ ಪಾಲಿಗಾಗಿ ವರ್ಷಗಟ್ಟಲೆ ಜಗಳವಾಡಿ, 2018ರಲ್ಲಿ ನ್ಯಾಯಮಂಡಳಿಯಿಂದ 13.42 ಟಿಎಂಸಿ ಅಂತ ದಶಮಾಂಶ ಸಮೇತ ಅಳೆಸಿಕೊಂಡವರು ನಾವು. ನಾವೇ ಫೋಟೊದಲ್ಲಿ ಪುಕ್ಕಟೆ ನೀರು ಹರಿಸಬಾರದು.

ಈಗ ನಿಮ್ಮ ವಾದಗಳಿಗೆ ಬರುತ್ತೇನೆ.

"ಅದು ಕಲೆ, ವರದಿ ಅಲ್ಲ." ಒಪ್ಪಿದೆ. ಆದರೆ ಕಲೆ ಅಂದರೆ ಆಯ್ಕೆ. ಎಲ್ಲರೂ ಅದೇ ಗಾಜಿನಿಂದ ಅದೇ ಬಂಡೆಯನ್ನು ಅದೇ ಹೊತ್ತಿನಲ್ಲಿ ತೆಗೆದರೆ ಅಲ್ಲಿ ಆಯ್ಕೆ ಎಲ್ಲಿದೆ? ಅದು ಅಚ್ಚು ಒತ್ತುವುದು.

"ಕಾಲ ಹರಿಯುವುದನ್ನು ತೋರಿಸುತ್ತೇವೆ." ಅರ್ಧ ಸೆಕೆಂಡು, ಒಂದು ಸೆಕೆಂಡು ಇಟ್ಟು ನೋಡಿ. ಅಲೆ ಬಂದು ಹಿಂದೆ ಸರಿಯುವಾಗ ಮರಳಿನ ಮೇಲೆ ಎಳೆದ ಗೆರೆಗಳು ಉಳಿಯುತ್ತವೆ. ಅಲ್ಲಿ ಕಾಲ ಕಾಣುತ್ತದೆ. ಒಂದು ನಿಮಿಷ ಇಟ್ಟರೆ ಗೆರೆಯೂ ಉಳಿಯುವುದಿಲ್ಲ. ಕಾಲ ಹರಿಯುವುದಲ್ಲ, ಹೆಪ್ಪುಗಟ್ಟುವುದು.

"ಜನರ ಫೋಟೊ ತೆಗೆದರೆ ಅವರಿಗೆ ಇಷ್ಟವಾಗಬೇಕಲ್ಲ." ಇದು ಗಟ್ಟಿ ವಾದ. ಅದಕ್ಕೆ ನನ್ನ ಉತ್ತರ: ಕೇಳಿ! ಬೇಡ ಅಂದರೆ ಬಿಡಿ. ಅಳಿಸುವುದು ಮಾತ್ರ ಮರ್ಯಾದೆಯಲ್ಲ. ಸೂರ್ಯನಿಗೆ ಎದುರಾಗಿ ತೆಗೆದರೆ ಮುಖವೂ ಕಾಣುವುದಿಲ್ಲ, ಹಗ್ಗ ಎಳೆಯುವ ಬೆನ್ನಿನ ಬಾಗು ಮಾತ್ರ ಕಾಣುತ್ತದೆ. ಯಾವ ಬಂಡೆಗಿಂತಲೂ ಅದು ಚೆಂದ.

ಹಾಗಾದರೆ ಚೀಲದಲ್ಲಿ ಏನಿರಲಿ? ನನ್ನ ಲೆಕ್ಕ ಹೇಳುತ್ತೇನೆ. ಪರದೇಶದ ಪಾಠಗಳನ್ನು ಹಾಗೇ ನಂಬಬೇಡಿ. "ಸಮುದ್ರದ ಸೂರ್ಯೋದಯಕ್ಕೆ ಈ ಫಿಲ್ಟರ್" ಅಂತ ಅವರು ಬರೆದಿರುತ್ತಾರೆ. ನಮ್ಮ ಸಮುದ್ರ ಇರುವುದು ಪಶ್ಚಿಮಕ್ಕೆ, ನಮ್ಮ ಸೂರ್ಯ ಹುಟ್ಟುವುದು ಸಹ್ಯಾದ್ರಿಯ ಬೆನ್ನ ಹಿಂದೆ. ಕಾರವಾರದಲ್ಲಿ ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಹುಟ್ಟುವ ಮುಂಚೆ ಎದುರಿನ ಆಕಾಶದಲ್ಲಿ, ನೀರಿನ ಅಂಚಿಗೆ ಬೂದು-ನೀಲಿ ಪಟ್ಟಿ, ಅದರ ಮೇಲೆ ತಿಳಿ ಗುಲಾಬಿ ಪಟ್ಟಿ. ಆ ಬೂದು ಪಟ್ಟಿ ಭೂಮಿಯದ್ದೇ ನೆರಳು. ಆಕಾಶ, ನೀರು, ಮರಳು ಮೂರರ ಬೆಳಕೂ ಹತ್ತಿರ ಹತ್ತಿರ ಇರುತ್ತದೆ. ಅಲ್ಲಿ ಗ್ರಾಜುಯೇಟೆಡ್ ಬೇಕಿಲ್ಲ. ಪೋಲರೈಸರ್ ಕೂಡ ಹೆಚ್ಚಾಗಿ ದಂಡ, ಅದು ಚೆನ್ನಾಗಿ ಕೆಲಸ ಮಾಡುವುದು ಸೂರ್ಯನಿಗೆ ಅಡ್ಡಲಾಗಿ, 90 ಡಿಗ್ರಿಯಲ್ಲಿ. ಬೆಳಗಿನ ಕಾರವಾರಕ್ಕೆ ಬೇಕಾದ ಫಿಲ್ಟರ್ ಯಾವುದೂ ಇಲ್ಲ. ಬಲೆ ಎಳೆಯುವವರು ಸಿಗುವುದೂ ಹೆಚ್ಚಾಗಿ ಅದೇ ಹೊತ್ತಿಗೆ.

ಸಂಜೆಗೆ ಎರಡು ಸ್ಟಾಪಿನ ಗ್ರಾಜುಯೇಟೆಡ್ ಒಂದು, ಮೃದು ಅಂಚಿನದ್ದು. ಗಟ್ಟಿ ಅಂಚಿನದು ಕೊಂಡರೆ ಸದಾಶಿವಗಡದ ಗುಡ್ಡದ ತಲೆಯನ್ನೂ, ನಿಂತ ಮನುಷ್ಯನ ತಲೆಯನ್ನೂ ಒಟ್ಟಿಗೇ ಕಪ್ಪು ಮಾಡುತ್ತದೆ. ಅಲೆಗೆ ಸ್ವಲ್ಪ ಚಲನೆ ಬೇಕೆಂದರೆ ಮೂರು ಸ್ಟಾಪಿನ ಎನ್‌ಡಿ ಸಾಕು. ಲೆನ್ಸಿಗೆ ಕಾಯಂ ಅಂಟಿಸಿಕೊಂಡ ಯುವಿ ಗಾಜನ್ನು ಸೂರ್ಯ ಎದುರಿಗಿದ್ದಾಗ ಬಿಚ್ಚಿಡಿ, ಇಲ್ಲದಿದ್ದರೆ ಫೋಟೊದಲ್ಲಿ ಎರಡನೇ ಸೂರ್ಯನೂ ಹುಟ್ಟುತ್ತಾನೆ. ಕಿತ್ತಳೆ ಬಣ್ಣದ ಗಾಜಂತೂ ಬೇಡವೇ ಬೇಡ. ಕಾರವಾರದ ಸಂಜೆಗೆ ಬಣ್ಣ ಸಾಲದು ಅನ್ನುವವರು ಮುಖ ತೊಳೆದುಕೊಂಡು ಇನ್ನೊಮ್ಮೆ ನೋಡಲಿ.

ಹತ್ತು ಸ್ಟಾಪಿನದು ಆಗಲೇ ಕೊಂಡಿದ್ದೀರಾ? ಎಸೆಯಬೇಡಿ, ಪಾಪ ದುಡ್ಡು ಕೊಟ್ಟಿದ್ದೀರಿ. ಬೆಳಗಾವಿ ಕೋಟೆಯ ಕಂದಕದ ಮೇಲೆ ಓಡುವ ಮೋಡಕ್ಕೆ ಬಳಸಿ, ಮೋಡ ಯಾರ ಹಕ್ಕನ್ನೂ ಕೇಳುವುದಿಲ್ಲ. ಆದರೆ ಜನ ದುಡಿಯುತ್ತಿರುವ ದಡದಲ್ಲಿ ಅದನ್ನು ಲೆನ್ಸಿಗೆ ಸಿಕ್ಕಿಸುವ ಮುಂಚೆ, ಮುಂದಿನ ಒಂದು ನಿಮಿಷದಲ್ಲಿ ಯಾರು ಯಾರು ಮಾಯವಾಗುತ್ತಾರೆ ಅಂತ ಒಮ್ಮೆ ಎಣಿಸಿ.

ಎಣಿಸಿದ ಮೇಲೂ ಸಿಕ್ಕಿಸುತ್ತೇನೆ ಅನ್ನುವವರು ಕಾರಣ ಹೇಳಿ. ಜಗಳಕ್ಕೆ ಸಿದ್ಧನಿದ್ದೇನೆ. "ವಾಹ್" ಅಂತ ಮಾತ್ರ ಇನ್ನು ಬರೆಯುವುದಿಲ್ಲ.